ಸ್ವಂತ ಸೂರಿಗೊಂದು ಪಾಸ್‌ಪುಸ್ತಕ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಊರಂಚಿನ ಬಡಾವಣೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳು ಅಪರೂಪವಲ್ಲ. ಗೋಡೆ ಎದ್ದಿರುತ್ತದೆ, ಬಾಗಿಲಿನ ಚೌಕಟ್ಟು ನಿಂತಿರುತ್ತದೆ, ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿಯುತ್ತಿರುತ್ತವೆ. ಮೇಲೆ ತಾರಸಿ ಮಾತ್ರ ಇರುವುದಿಲ್ಲ. ಮನೆಯವರು ಸೋಮಾರಿಗಳಲ್ಲ, ದುಂದುಗಾರರೂ ಅಲ್ಲ. ದುಡಿಮೆ ಇದ್ದೂ ಮನೆ ಏಕೆ ಗೋಡೆಯ ಮಟ್ಟದಲ್ಲೇ ನಿಲ್ಲುತ್ತದೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಕಾರಣ ಸರಳವಾಗಿದೆ. ಪಾಯವನ್ನು ಈ ವರ್ಷ ಹಾಕಿ ಗೋಡೆಯನ್ನು ಮುಂದಿನ ವರ್ಷ ಎತ್ತಬಹುದು. ಕೈಗೆ ಬಂದಷ್ಟು ಹಣದಲ್ಲಿ ನಾಲ್ಕು ಲೋಡು ಸೈಜುಗಲ್ಲು, ಹತ್ತು ಮೂಟೆ ಸಿಮೆಂಟು ತಂದು ಕೆಲಸ ಮುಂದುವರಿಸಬಹುದು. ಆದರೆ ತಾರಸಿಯನ್ನು ಹಾಗೆ ತುಣುಕು ತುಣುಕಾಗಿ ಹಾಕಲಾಗದು. ಸೆಂಟರಿಂಗ್, ಕಬ್ಬಿಣ, ಜಲ್ಲಿ, ಸಿಮೆಂಟು, ಆಳುಗಳ ಕೂಲಿ ಎಲ್ಲವೂ ಒಂದೇ ಹೊತ್ತಿಗೆ ಒದಗಬೇಕು. ಗೋಡೆ ಕಂತಿನಲ್ಲಿ ಏಳುತ್ತದೆ, ತಾರಸಿ ಕಂತಿನಲ್ಲಿ ಬೀಳುವುದಿಲ್ಲ. ಆ ಒಂದು ವಾರದ ಖರ್ಚಿಗೆ ಇಡಿಗಂಟು ಇಲ್ಲದವರೇ ಖಾಸಗಿ ಲೇವಾದೇವಿಯವರ ಬಾಗಿಲು ತಟ್ಟುತ್ತಾರೆ. ಮನೆಯೇನೋ ಪೂರ್ಣಗೊಳ್ಳುತ್ತದೆ, ಬಡ್ಡಿ ಮಾತ್ರ ಮನೆಯೊಳಗೇ ವಾಸ ಹೂಡುತ್ತದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ನಿವೇಶನಗಳ ಬೆಲೆ ಗಗನಕ್ಕೇರಿತು. ಇದ್ದಬದ್ದ ಹಣವನ್ನೆಲ್ಲ ನಿವೇಶನಕ್ಕೇ ಸುರಿದು ಬರಿಗೈಯಲ್ಲಿ ಕಟ್ಟಡ ಆರಂಭಿಸುವವರು ಇಂದು ಅನೇಕರು. ಅದರ ಮೇಲೆ ದಾಖಲೆಯ ತೊಡಕು ಬೇರೆ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಇಲ್ಲದ ರೆವಿನ್ಯೂ ನಿವೇಶನಗಳಿಗೆ ಬ್ಯಾಂಕುಗಳು ಗೃಹಸಾಲ ಕೊಡಲು ಹಿಂಜರಿಯುತ್ತವೆ. ಆದುದರಿಂದ ಮುಂಗಡ ಕೊಡುವ ಮೊದಲೇ ಈ ಪತ್ರಗಳನ್ನು ಪರಿಶೀಲಿಸುವುದು ಉಳಿತಾಯದ ಮೊದಲ ಪಾಠವೆಂದರೆ ತಪ್ಪಾಗಲಾರದು.

ಹಾಗಾದರೆ ಇಡಿಗಂಟು ಕೂಡಿಸುವುದೆಲ್ಲಿ? ಹೆಚ್ಚು ಬಡ್ಡಿಯ ಆಸೆ ಹುಟ್ಟಿಸುವ ಸಂಸ್ಥೆಗಳಿಗೆ ಕೊರತೆಯಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ಮನೆಗೂ ಮದುವೆಗೂ ಎಂದು ಕೂಡಿಟ್ಟ ಹಣಕ್ಕಾಗಿ ಬೀದಿಯಲ್ಲಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ಹೋಲಿಸಿದರೆ 1882ರಿಂದ ನಡೆದುಬಂದಿರುವ ಅಂಚೆ ಕಚೇರಿಯ ಉಳಿತಾಯ ಬ್ಯಾಂಕಿನಲ್ಲಿ ಆಡಂಬರವಿಲ್ಲ. ಆದರೆ ಅಲ್ಲಿಟ್ಟ ಪ್ರತಿ ರೂಪಾಯಿಗೂ ಭಾರತ ಸರ್ಕಾರದ ಖಾತರಿಯಿದೆ.

ಮನೆ ಕಟ್ಟುವವರಿಗೆ ಮೊದಲು ಒದಗುವುದು ಐದು ವರ್ಷದ ಆವರ್ತ ಠೇವಣಿ, ಅಂದರೆ ಆರ್‌ಡಿ. ತಿಂಗಳಿಗೆ 100 ರೂಪಾಯಿಯಿಂದಲೂ ಇದನ್ನು ಆರಂಭಿಸಬಹುದು. 2024ರ ಮೊದಲ ತ್ರೈಮಾಸಿಕದಲ್ಲಿ ಇದರ ಬಡ್ಡಿ ಶೇಕಡ 6.7 ಇತ್ತು. ಆ ದರದಲ್ಲಿ ತಿಂಗಳಿಗೆ 5,000 ರೂಪಾಯಿಯಂತೆ 60 ಕಂತು ಕಟ್ಟಿದರೆ ಕಟ್ಟಿದ 3 ಲಕ್ಷಕ್ಕೆ ಸುಮಾರು 56 ಸಾವಿರ ಸೇರಿ 3 ಲಕ್ಷ 56 ಸಾವಿರಕ್ಕೂ ಮೀರಿ ಕೈಸೇರುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಷ್ಕರಿಸಿದರೂ ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. 12 ಕಂತು ಕಟ್ಟಿ ಒಂದು ವರ್ಷ ಪೂರೈಸಿದ ಮೇಲೆ ಠೇವಣಿಯ ಅರ್ಧದಷ್ಟು ಸಾಲವೂ ದೊರೆಯುತ್ತದೆ. ಪತಿ ಪತ್ನಿಯರು ಜಂಟಿಯಾಗಿ ಖಾತೆ ತೆರೆಯಬಹುದು; ಹಾಗೆಯೇ ತೆರೆಯಬೇಕೆಂಬುದು ನಮ್ಮ ಆಗ್ರಹ. ನಾಮನಿರ್ದೇಶನದ ಕಲಮನ್ನು ಖಾಲಿ ಬಿಡದಿರಿ.

ಎರಡನೆಯದು 1968ರಲ್ಲಿ ಜಾರಿಗೆ ಬಂದ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್. ಇದರ ಅವಧಿ 15 ವರ್ಷ ಎಂದು ಕೇಳಿ ಅನೇಕರು ಹಿಂಜರಿಯುತ್ತಾರೆ. ಆದರೆ ಖಾತೆ ತೆರೆದ ಆರ್ಥಿಕ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ಅದರ ಒಂದು ಭಾಗವನ್ನು ಹಿಂಪಡೆಯಬಹುದು. ನಾಲ್ಕು ವರ್ಷ ಹಿಂದಿನ ಶಿಲ್ಕು ಅಥವಾ ಕಳೆದ ವರ್ಷದ ಶಿಲ್ಕು, ಇವೆರಡರಲ್ಲಿ ಕಡಿಮೆಯಾದುದರ ಅರ್ಧ ಅದರ ಮಿತಿ. ಇಲ್ಲೊಂದು ಸೂಕ್ಷ್ಮವಿದೆ. 2025ರ ಮಾರ್ಚ್‌ನಲ್ಲಿ ಖಾತೆ ತೆರೆದವರು 2030ರ ಏಪ್ರಿಲ್‌ನಿಂದ ಹಣ ತೆಗೆಯಬಹುದು. ಒಂದೇ ತಿಂಗಳು ತಡಮಾಡಿ ಏಪ್ರಿಲ್‌ನಲ್ಲಿ ತೆರೆದವರು 2031ರ ಏಪ್ರಿಲ್‌ವರೆಗೆ ಕಾಯಬೇಕು. ಒಂದು ತಿಂಗಳ ಆಲಸ್ಯಕ್ಕೆ ಒಂದು ವರ್ಷದ ದಂಡ!

ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳಲ್ಲೂ ನೆಲಮಂಗಲ, ಹೊಸಕೋಟೆಯ ಕೈಗಾರಿಕಾ ಪ್ರದೇಶಗಳಲ್ಲೂ ದುಡಿಯುವವರಿಗೆ ನೌಕರರ ಭವಿಷ್ಯ ನಿಧಿಯೂ ಇದೆ. ಮನೆ ಕಟ್ಟುವುದಕ್ಕಾಗಿ ಅದರ ಒಂದು ಭಾಗವನ್ನು ಪಡೆಯುವ ಅವಕಾಶ ಬಹುಕಾಲದಿಂದ ಇದೆ. ಆ ಹಣ ದುಡಿಯುವವರಿಗೆ ಎಷ್ಟು ಮುಖ್ಯವೆಂಬುದನ್ನು 2016ರ ಏಪ್ರಿಲ್ ತಿಂಗಳು ನಾಡಿಗೇ ತೋರಿಸಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯಕೂಡದೆಂಬ ನಿಯಮವನ್ನು ವಿರೋಧಿಸಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಮಹಿಳೆಯರು, 18 ಮತ್ತು 19ರಂದು ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಉಳಿತಾಯ ಎಷ್ಟಿದೆ ಎಂಬುದಷ್ಟೇ ಅಲ್ಲ, ಬೇಕಾದಾಗ ಅದು ಕೈಗೆ ಸಿಗುತ್ತದೆಯೇ ಎಂಬುದೂ ಮುಖ್ಯವೆಂದು ಆ ಹೆಣ್ಣುಮಕ್ಕಳು ಬಲ್ಲವರಾಗಿದ್ದರು.

ಸರ್ಕಾರದ ವಸತಿ ನೆರವು ದೊರೆತವರಿಗೂ ಈ ಮಾತು ಅನ್ವಯಿಸುತ್ತದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಫಲಾನುಭವಿಗೆ ನಿಗದಿಯಾದ ನೆರವು 1 ಲಕ್ಷ 20 ಸಾವಿರ ರೂಪಾಯಿ. ಅದು ಕಾಮಗಾರಿಯ ಹಂತಗಳಿಗೆ ತಕ್ಕಂತೆ ಕಂತುಗಳಲ್ಲಿ ಬರುತ್ತದೆ. ಮೊದಲು ನಮ್ಮ ಹಣದಿಂದ ಹಂತ ಮುಗಿಯಬೇಕು, ಆಮೇಲೆ ನೆರವು ಬರಬೇಕು. ಆ ನಡುವಿನ ಹೊಂಡವನ್ನು ತುಂಬುವುದೇ ಪಾಸ್‌ಪುಸ್ತಕ.

ಆದುದರಿಂದ ಕಾಗದದ ಮೇಲೆ ಮೊದಲು ತಾರಸಿಯ ತಿಂಗಳನ್ನು ಬರೆಯಿರಿ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಿರುಮಳೆಯ ತಿಂಗಳುಗಳು. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುತ್ತದೆ. ಜನವರಿಯಲ್ಲಿ ತೆರೆದ ಆರ್‌ಡಿ ಐದು ವರ್ಷದ ಬಳಿಕ ಜನವರಿಯಲ್ಲೇ ಕೈಗೆ ಬರುತ್ತದೆ. ಅದು ತಾರಸಿಯ ಗಂಟು. ಪಾಯಕ್ಕಾಗಲಿ ಗೋಡೆಗಾಗಲಿ ಮುಟ್ಟಬಾರದು. ಪಾಯವೂ ಗೋಡೆಯೂ ತಿಂಗಳ ದುಡಿಮೆಯಲ್ಲಿ ಏಳಲಿ. ಗಾರೆ, ನೆಲ, ಬಾಗಿಲುಗಳಿಗೆ ಪಿಪಿಎಫ್ ಭಾಗ ಕಾದಿರಲಿ.

ಉಳಿತಾಯದಿಂದಲೇ ಇಡೀ ಮನೆ ಏಳುತ್ತದೆಂದು ನಾವು ಹೇಳುವುದಿಲ್ಲ. ಐದು ವರ್ಷದಲ್ಲಿ ಕಬ್ಬಿಣದ ಬೆಲೆಯೂ ಕೂಲಿಯೂ ಏರಬಹುದು. ಬಡ್ಡಿ ಅದನ್ನೆಲ್ಲ ಸರಿದೂಗಿಸದೆ ಇರಬಹುದು. ಆಗ ಬ್ಯಾಂಕಿನ ಸಾಲ ಬೇಕಾದೀತು, ಇಲ್ಲವೇ ನಕ್ಷೆಯಲ್ಲಿ ಒಂದು ಕೋಣೆ ಕಡಿಮೆಯಾದೀತು. ಆದರೆ ಕೈಯಲ್ಲಿ ಗಂಟಿರುವವನು ಸಾಲದ ಷರತ್ತನ್ನು ತೂಗಿ ನೋಡಬಲ್ಲ. ಗಂಟಿಲ್ಲದವನು ಕೊಟ್ಟವರ ಷರತ್ತಿಗೆ ತಲೆಬಾಗಬೇಕು.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಮಾತು ಸಂತ ಲೂಕರ ಶುಭಸಂದೇಶದಲ್ಲಿ ಬರುತ್ತದೆ. ನಮ್ಮ ಕುಟುಂಬಗಳು ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ, ಮದುವೆಗೆ ತಿಂಗಳುಗಟ್ಟಲೆ ಮುಂಚೆ ಕುಳಿತು ಲೆಕ್ಕ ಹಾಕುವುದುಂಟು. ಒಂದು ದಿನದ ಊಟಕ್ಕೆ ಕೊಡುವ ಆ ಗಮನವನ್ನು ಒಂದು ತಲೆಮಾರಿನ ಸೂರಿಗೂ ಕೊಡೋಣ. ಈ ತಿಂಗಳ ಸಂಬಳ ಬಂದೊಡನೆ ಗಂಡಹೆಂಡಿರಿಬ್ಬರೂ ಹತ್ತಿರದ ಅಂಚೆ ಕಚೇರಿಗೆ ಹೋಗಿಬನ್ನಿ. ಆಧಾರ್, ಪ್ಯಾನ್ ಮತ್ತು ಭಾವಚಿತ್ರ ಜೊತೆಯಲ್ಲಿರಲಿ. ಮೊದಲ ಕಂತು ಚಿಕ್ಕದಾದರೂ ಚಿಂತೆಯಿಲ್ಲ.