ನಿಮಗಿದು ಗೊತ್ತೇ? ಬಯಲಿಗೆ ಬಂದ ಅಂಗಡಿಗಳು

ನೀಲಗಿರಿಯ ಕೋತಗಿರಿಯ ಹೆಸರಿನಲ್ಲೇ ಕಸುಬುದಾರರಿದ್ದಾರೆ. ಇದು ಕೋತ ಸಮುದಾಯದವರ ಗಿರಿ. ಹಿಂದೆ ಕೋತರು ಕಬ್ಬಿಣದ ಸಾಮಾನು, ಮಡಕೆ ಕೊಡುತ್ತಿದ್ದರು. ಬಡಗರು ಧಾನ್ಯ ಕೊಡುತ್ತಿದ್ದರು, ತೊದವರು ತುಪ್ಪ, ಕುರುಂಬರು ಜೇನು. ಪೇಟೆ, ಅಂಗಡಿಸಾಲು ಹುಟ್ಟುವ ಎಷ್ಟೋ ಮೊದಲೇ ಈ ಬೆಟ್ಟದ ಕೊಡುಕೊಳ್ಳುವಿಕೆ ಹೀಗೆ ನಡೆದಿತ್ತು.

ಅಂಗಡಿಸಾಲಿಲ್ಲದ ವ್ಯಾಪಾರ 2020ರಲ್ಲಿ ಮತ್ತೆ ನೆನಪಾಯಿತು. ಆ ವರ್ಷದ ಮಾರ್ಚ್ 25ರಂದು ಕೋವಿಡ್ ಕಾರಣಕ್ಕೆ ದೇಶಕ್ಕೆ ಬೀಗ ಬಿತ್ತು. ಬಸ್ಸು ನಿಂತಿತು, ಬಸ್ ನಿಲ್ದಾಣ ಖಾಲಿಯಾಯಿತು. ತಮಿಳುನಾಡಿನ ಹಲವು ಊರುಗಳು ಆ ಖಾಲಿ ಜಾಗವನ್ನೇ ತರಕಾರಿ ಮಾರುಕಟ್ಟೆ ಮಾಡಿಕೊಂಡವು. ಈರೋಡಿನ ಇಕ್ಕಟ್ಟಾದ ನೇತಾಜಿ ಮಾರುಕಟ್ಟೆ ಹೋಗಿ ಕುಳಿತದ್ದು ಬಸ್ ನಿಲ್ದಾಣದಲ್ಲಿ. ನೆಲಕ್ಕೆ ಸುಣ್ಣದ ಗೆರೆ ಎಳೆದರು, ಗೆರೆಯೊಳಗೆ ಗಿರಾಕಿ ನಿಂತರು. ಖರ್ಚು ಕಡಿಮೆ, ಕೆಲಸ ದೊಡ್ಡದು.

ಬಯಲೇ ಏಕೆ? ಚೀನಾದ ಸಂಶೋಧಕರು 2020ರ ಜನವರಿ ಆರಂಭದಿಂದ ಫೆಬ್ರವರಿ ನಡುವಿನವರೆಗೆ ಒಂದೇ ಕಡೆ ಮೂವರು ಅಥವಾ ಹೆಚ್ಚು ಮಂದಿಗೆ ಸೋಂಕು ಹರಡಿದ 318 ಘಟನೆಗಳನ್ನು ಪರಿಶೀಲಿಸಿದರು. ಎಲ್ಲವೂ ನಡೆದದ್ದು ಸೂರಿನಡಿಯಲ್ಲಿ. ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಜಾಲಾಡಿದರೂ ಬಯಲಲ್ಲಿ ಅಂಟಿದ್ದೆಂದು ಸಿಕ್ಕಿದ್ದು ಒಂದೇ ಒಂದು ಪ್ರಸಂಗ. ಅದರಲ್ಲಿದ್ದವರು ಇಬ್ಬರು. ಮುಚ್ಚಿದ ಕೋಣೆಯಲ್ಲಿ ಉಸಿರಿನ ಸೂಕ್ಷ್ಮ ಹನಿಗಳು ಗಂಟೆಗಟ್ಟಲೆ ತೇಲುತ್ತವೆ. ಹೊರಗೆ ಗಾಳಿ ಅವನ್ನು ಚದುರಿಸಿಬಿಡುತ್ತದೆ. ಚಳಿಯ ಊರಿನವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಿಟಕಿ ಬಾಗಿಲು ಮುಚ್ಚಿದ ಬೆಚ್ಚನೆಯ ಚಹಾ ಅಂಗಡಿ ನಮಗೆ ಹಿತ, ಆದರೆ ಸೋಂಕಿಗೂ ಹಿತ.

ಚೆನ್ನೈನ ಕೋಯಂಬೇಡು 295 ಎಕರೆಯ ಮಾರುಕಟ್ಟೆ, 3,000ಕ್ಕೂ ಹೆಚ್ಚು ಅಂಗಡಿ. ಅಷ್ಟು ವಿಶಾಲವಾಗಿದ್ದರೂ ಒಳಗಿನ ನೂಕುನುಗ್ಗಲು ತಪ್ಪಲಿಲ್ಲ. ಅಲ್ಲಿಂದ ಸೋಂಕು ಜಿಲ್ಲೆ ಜಿಲ್ಲೆಗೆ ಹೋಯಿತು. 2020ರ ಮೇ 5ರಂದು ಅದನ್ನು ಮುಚ್ಚಿ, ತರಕಾರಿ ಸಗಟು ವ್ಯಾಪಾರವನ್ನು ತಿರುಮಳಿಸೈ ಬಯಲಿಗೆ, ಹಣ್ಣಿನದನ್ನು ಮಾಧವರಂಗೆ ಸಾಗಿಸಿದರು. ಮಳೆ ಬಂದಾಗ ತಿರುಮಳಿಸೈ ಕೆಸರುಗದ್ದೆಯಾಯಿತು. ಸೆಪ್ಟೆಂಬರ್ 28ರಂದು ಕೋಯಂಬೇಡು ಮತ್ತೆ ತೆರೆಯಿತು. ನನ್ನ ಪ್ರಕಾರ ಇಲ್ಲಿ ತಪ್ಪಿದ್ದು ಹೊತ್ತು. ಮಾರುಕಟ್ಟೆಯನ್ನು ಹರಡಿ ಕೂರಿಸುವ ಕೆಲಸ ರೋಗ ಕಾಣಿಸಿಕೊಂಡ ಮೇಲಲ್ಲ, ಮೊದಲೇ ಆಗಬೇಕಿತ್ತು.



ಮಳೆಯ ಮಾತು ಬಂತು. ನೀಲಗಿರಿಯಲ್ಲಿ ಎಲ್ಲ ಊರಿಗೂ ಒಂದೇ ಮಳೆಗಾಲವಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ಗೂಡಲೂರನ್ನು ತೋಯಿಸಿ ತೊಪ್ಪೆ ಮಾಡುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಸಾಲು ಅಡ್ಡ ನಿಲ್ಲುವುದರಿಂದ ಮೂಡಣ ಬದಿಯ ಕೋತಗಿರಿಗೆ ಆಗ ಅಷ್ಟು ಕಾಟವಿಲ್ಲ. ಕೋತಗಿರಿಯ ಜಡಿಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ್ದು. ಅಂದರೆ ಬಯಲು ಸಂತೆಗೆ ಚೆನ್ನೈನಲ್ಲಿ ಕೂತು ಒಂದೇ ಆದೇಶ ಬರೆದರೆ ಈ ಒಂದೇ ಜಿಲ್ಲೆಗೂ ಸರಿಹೋಗದು. ಗೂಡಲೂರಿಗೆ ಟಾರ್ಪಾಲು ಬೇಕಾದಾಗ ಕೋತಗಿರಿಗೆ ಬರೀ ನೆರಳು ಸಾಕು. ಕೋತಗಿರಿಗೆ ಟಾರ್ಪಾಲು ಬೇಕಾಗುವ ಹೊತ್ತಿಗೆ ಗೂಡಲೂರಿನ ಮಳೆ ಇಳಿಮುಖವಾಗಿರುತ್ತದೆ. ಇನ್ನೊಂದು ಕಷ್ಟ ಸಮತಟ್ಟು ಜಾಗದ್ದು. ಇಳಿಜಾರಿನ ಊರಲ್ಲಿ ಬಸ್ ನಿಲ್ದಾಣ, ಶಾಲೆಯ ಆಟದ ಮೈದಾನ ಬಿಟ್ಟರೆ ಗಾಡಿ ನಿಲ್ಲಿಸಲು ನೆಲ ಸಿಗುವುದೇ ಕಷ್ಟ. ಅಂಥ ನೆಲವನ್ನು ಕಟ್ಟಡಕ್ಕೆ ಬಿಟ್ಟುಕೊಡುವ ಮುನ್ನ ಹತ್ತು ಸಲ ಯೋಚಿಸಬೇಕು.

ಜಾಗ ಸಿಕ್ಕರೂ ಗಿರಾಕಿ ಬರಬೇಕು. ಸಾಮಾನ್ಯವಾಗಿ ಪ್ರತಿವರ್ಷ ಮೇ ತಿಂಗಳಲ್ಲಿ ಕೋತಗಿರಿಯ ನೆಹರೂ ಪಾರ್ಕಿನಲ್ಲಿ ತರಕಾರಿ ಪ್ರದರ್ಶನ ನಡೆಯುತ್ತದೆ. 2020, 2021 ಎರಡೂ ವರ್ಷ ನಡೆಯಲಿಲ್ಲ, 2022ರ ಮೇಯಲ್ಲಿ ಮತ್ತೆ ಶುರುವಾಯಿತು. ಜಿಲ್ಲೆ ದಾಟಲು ಬೇಕಿದ್ದ ಇ-ಪಾಸ್ ಕಟ್ಟುಪಾಡನ್ನು ತಮಿಳುನಾಡು 2020ರ ಸೆಪ್ಟೆಂಬರ್ 1ರಿಂದ ರಾಜ್ಯದೊಳಗೆ ಸಡಿಲಿಸಿದಾಗಲೂ ನೀಲಗಿರಿ, ಕೊಡೈಕನಾಲ್, ಯೇರ್ಕಾಡಿಗೆ ಅದು ಉಳಿಯಿತು. ಪ್ರವಾಸಿಗರನ್ನೇ ನಂಬಿದ್ದ ವರ್ಕಿ, ಚಾಕೊಲೇಟು, ನೀಲಗಿರಿ ತೈಲದ ಅಂಗಡಿಗಳಿಗೆ ಬಯಲು ಸಿಕ್ಕಿದ್ದರೂ ಗಿರಾಕಿ ಇರಲಿಲ್ಲ. ಜಾಗ ಕೊಟ್ಟರಷ್ಟೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೋತಗಿರಿಗೆ ತಂಗಿಯಂಥ ಊರೊಂದು ಮ್ಯಾನ್ಮಾರ್‌ನಲ್ಲಿದೆ. ಶಾನ್ ರಾಜ್ಯದ ಕಲೌ. ಅದೂ ಬ್ರಿಟಿಷರ ಕಾಲದ ಗಿರಿಧಾಮ, ಅಲ್ಲೂ ಬೆಟ್ಟದ ತರಕಾರಿ. 2020ರ ಏಪ್ರಿಲ್‌ನಲ್ಲಿ ಅಲ್ಲಿಯವರು ಸಂತೆಯನ್ನು ಅಗಲ ರಸ್ತೆಗೆ ತಂದು, ಬಿಳಿ ಗುರುತು ಹಾಕಿ, ಮಾರುವವರನ್ನು ದೂರ ದೂರ ಕೂರಿಸಿದರು. ಆ ಚಿತ್ರ ಲೋಕವೆಲ್ಲ ಸುತ್ತಿತು.

ಅದೇ ಏಪ್ರಿಲ್‌ನಲ್ಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ತನ್ನ ಚೌಕಗಳನ್ನೂ ಬೀದಿಗಳನ್ನೂ ಹೋಟೆಲುಗಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿತು. ನ್ಯೂಯಾರ್ಕ್ ಜೂನ್ 22ರಿಂದ ಪಾದಚಾರಿ ಮಾರ್ಗದಲ್ಲೂ ವಾಹನ ನಿಲ್ಲುವ ಜಾಗದಲ್ಲೂ ಮೇಜು ಹಾಕಲು ಒಪ್ಪಿತು. ಬೆಂಗಳೂರು 2020ರ ನವೆಂಬರ್‌ನಲ್ಲಿ ಚರ್ಚ್ ಸ್ಟ್ರೀಟಿಗೆ ಶನಿವಾರ, ಭಾನುವಾರ ವಾಹನ ಬಿಡುವುದನ್ನು ನಿಲ್ಲಿಸಿ, ಕೆಲವು ತಿಂಗಳು ನಡೆಯುವವರಿಗೇ ಮೀಸಲಿಟ್ಟಿತು.

ಮಿಜೋರಾಂನ ಸೇಲಿಂಗ್ ಬಳಿ ಹೆದ್ದಾರಿ ಬದಿಯ ಬಿದಿರಿನ ಅಂಗಡಿಗಳಲ್ಲಿ ಮಾರುವವರೇ ಇಲ್ಲ. ತರಕಾರಿಯ ಪಕ್ಕ ಬೆಲೆ ಬರೆದಿರುತ್ತದೆ, ದುಡ್ಡು ಡಬ್ಬಿಗೆ ಹಾಕಬೇಕು. ಹಳೆಯ ರೂಢಿ ಅದು. ಮುಟ್ಟದೆ ವ್ಯಾಪಾರ ಮಾಡಬೇಕಾಗಿ ಬಂದ 2020ರಲ್ಲಿ ದೇಶ ಅದನ್ನು ಕಣ್ಣರಳಿಸಿ ನೋಡಿತು.

ರೋಗ ಬಂದಾಗ ಬಯಲಿಗೆ ಹೋಗುವುದು ಕನ್ನಡಿಗರಿಗೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ತೊರೆದು ಊರಾಚೆ ಗುಡಿಸಲು ಹಾಕಿಕೊಂಡರು. ಅಗಲ ರಸ್ತೆ, ಮನೆಯಿಂದ ಮನೆಗೆ ಅಂತರ ಇರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆಯಲು ಆ ಪೆಟ್ಟೂ ಒಂದು ಕಾರಣ. ಬೆಟ್ಟದ ಕೆಳಗಿನ ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಇವೆ.

ಇನ್ನು ಕಾನೂನು. ರಸ್ತೆಬದಿಯಲ್ಲಿ ಮಾರುವುದೂ ಸಂವಿಧಾನ ಕೊಟ್ಟ ವ್ಯಾಪಾರದ ಹಕ್ಕಿಗೆ ಸೇರಿದ್ದು, ಅದಕ್ಕೆ ಸೂಕ್ತ ನಿರ್ಬಂಧ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಬ್ಬಿಸುವ ಮುನ್ನ 30 ದಿನದ ನೋಟಿಸು ಕೊಡಬೇಕು. ಜಪ್ತಿ ಮಾಡಿದ ಮಾಲು ಕೊಳೆಯುವಂಥದ್ದಾದರೆ, ವ್ಯಾಪಾರಿ ಶುಲ್ಕ ಕಟ್ಟಿ ಕೇಳಿದ ದಿನವೇ ಹಿಂದಿರುಗಿಸಬೇಕು. ಸೊಪ್ಪು ಮಾರುವ ಅಮ್ಮನಿಗೆ ಈ ಕೊನೆಯ ಸಾಲು ಯಾರಾದರೂ ಓದಿ ಹೇಳಿದ್ದಾರೆಯೇ?

2020ರ ಜೂನ್ 1ರಂದು ಬಂದ ಪಿಎಂ ಸ್ವನಿಧಿ ಯೋಜನೆ ಬೀದಿಬದಿ ವ್ಯಾಪಾರಿಗಳಿಗೆ ಮೊದಲು 10,000 ರೂಪಾಯಿ ಸಾಲ ಕೊಟ್ಟಿತು. ಸರಿಯಾಗಿ ತೀರಿಸಿದವರಿಗೆ ಆಗ 20,000 ಸಿಗುತ್ತಿತ್ತು, ಆಮೇಲೆ 50,000. ಬಡ್ಡಿಯಲ್ಲಿ ಶೇ 7 ಸಹಾಯಧನ. 2025ರಲ್ಲಿ ಮೊದಲ ಕಂತು 15,000ಕ್ಕೆ ಏರಿತು. ಆದರೆ ಕೈಯಲ್ಲಿ ವ್ಯಾಪಾರದ ಗುರುತಿನ ಚೀಟಿ ಅಥವಾ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಇರಬೇಕು. ಸ್ಥಳೀಯ ಸಂಸ್ಥೆಯ ವ್ಯಾಪಾರಿಗಳ ಪಟ್ಟಿಯಲ್ಲಿ ಹೆಸರಿಲ್ಲದೆ, ಶಿಫಾರಸು ಪತ್ರವೂ ಇಲ್ಲದವರಿಗೆ ಸಾಲವೂ ದೂರ, ಬಯಲು ಸಂತೆಯ ಜಾಗವೂ ದೂರ.

ಕೋತಗಿರಿಯಲ್ಲಿ ತಳ್ಳುಗಾಡಿ ಇಟ್ಟಿರುವ ಅಣ್ಣ ತಮ್ಮಂದಿರೇ, ಬುಟ್ಟಿ ಇಟ್ಟು ಕೂರುವ ಅಕ್ಕಂದಿರೇ, ಮುಂದಿನ ರೋಗಕ್ಕೆ ಕಾಯಬೇಡಿ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋಗಿ ಕೇಳಿ. ಸಂತೆಯನ್ನು ಬಯಲಿಗೆ ತರಬೇಕಾದ ದಿನ ಯಾವ ಮೈದಾನ ಕೊಡುತ್ತೀರಿ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.