ಪಡಸಾಲೆಯ ಗೋಡೆಗೆ ಪೈರಿನ ಸೊಬಗು

ಮಳೆ ಹಿಂದೆ ಸರಿದು ಬಿಸಿಲು ಬಲಿಯುವ ಹೊತ್ತು ಮನೆಯ ದುರಸ್ತಿಗೆ ಹದವಾದ ಕಾಲ. ದೀಪಾವಳಿಯೊಳಗೆ ಪಡಸಾಲೆ ಚೆಂದ ಕಾಣಬೇಕೆಂದು ಯಾರಿಗೆ ಆಸೆಯಿಲ್ಲ? ನೆಂಟರು ಬಂದರೆ ಕೂರುವುದು ಅಲ್ಲೇ, ಬೆಳೆಯ ಲೆಕ್ಕಾಚಾರ ನಡೆಯುವುದೂ ಅಲ್ಲೇ. ಹಾಗಂತ ಪೇಟೆಗೆ ಓಡಿ ಎಣ್ಣೆ ಬಣ್ಣದ ಡಬ್ಬಿಯನ್ನೂ ಪ್ಲಾಸ್ಟಿಕ್ ಹೂವನ್ನೂ ತರಬೇಕೇನು? ಸ್ವಲ್ಪ ತಾಳಿ. ನಿಮ್ಮದು ಮಣ್ಣಿನ ಗೋಡೆಯಾದರೆ ಮೊದಲು ಈ ಮಾತು ಕೇಳಿ.

ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಎಣ್ಣೆ ಬಣ್ಣ ಬಳಿದರೆ ತೇವ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಬಣ್ಣ ಗುಳ್ಳೆಯೆದ್ದು ಹಕ್ಕಳೆಯಾಗಿ ಉದುರುತ್ತದೆ, ಅದರ ಹಿಂದಿನ ಮಣ್ಣೂ ಸಡಿಲವಾಗುತ್ತದೆ. ಹಣವೂ ಹೋಯಿತು, ಗೋಡೆಯೂ ಕೆಟ್ಟಿತು. ಸುಣ್ಣ, ಕೆಮ್ಮಣ್ಣು ಹಾಗಲ್ಲ. ಅವು ತೇವವನ್ನು ತಡೆದು ಹಿಡಿಯುವುದಿಲ್ಲ.

ಮೊದಲ ಕೆಲಸ ಗೋಡೆಯನ್ನು ಪರೀಕ್ಷಿಸುವುದು. ಬುಡ ಒದ್ದೆಯಾಗಿದ್ದರೆ ಸೂರಿನ ನೀರು ಎಲ್ಲಿ ಬೀಳುತ್ತದೆ ನೋಡಿ, ಅದು ಗೋಡೆಯಿಂದ ದೂರ ಹರಿಯುವಂತೆ ಕಾಲುವೆ ತೋಡಿ. ಬಿರುಕಿದ್ದರೆ ಜರಡಿ ಹಿಡಿದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ, ಎರಡು ಮೂರು ದಿನ ನೆನೆಹಾಕಿ ಮೆತ್ತಿ. ಅದು ಪೂರ್ತಿ ಒಣಗುವವರೆಗೆ ಬಣ್ಣದ ಮಾತು ಬೇಡ.

ಎರಡನೆಯದು ಸುಣ್ಣ. 1 ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಬೇಕು. ಕಬ್ಬಿಣದ ಪಾತ್ರೆಯಲ್ಲಿ ನೀರು ತುಂಬಿಕೊಂಡು, ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದು ಕುದ್ದು ಸಿಡಿಯುತ್ತದೆ, ಆದ್ದರಿಂದ ಮಕ್ಕಳನ್ನು ಹತ್ತಿರ ಬಿಡಲೇಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಕೂಡಲೇ ಶುದ್ಧ ನೀರಿನಿಂದ 20 ನಿಮಿಷವಾದರೂ ತೊಳೆದು ಡಾಕ್ಟರ ಬಳಿಗೆ ಕರೆದೊಯ್ಯಿರಿ. ತಡಮಾಡಿದರೆ ಕಣ್ಣೇ ಹೋದೀತು. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಅನ್ನದ ಗಂಜಿ ಸೇರಿಸಿ, ತೆಳುವಾಗಿ ಬಳಿಯಿರಿ. ಒಂದು ಸಲದ್ದು ಒಣಗಿದ ಮೇಲೆ ಇನ್ನೊಂದು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕತ್ತಲೆಯ ಪಡಸಾಲೆಯೂ ಬೆಳಗುತ್ತದೆ.

ಇನ್ನು ಅಲಂಕಾರ. ಇದಕ್ಕೆ ಮಾದರಿ ಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರ ಮನೆಗಳನ್ನು ನೋಡಿ. ಅಲ್ಲಿನ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿಯ ಸಾಮಾನು ಬೇಕಿಲ್ಲ. ಹಿನ್ನೆಲೆಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ಕಪ್ಪಿಗೆ ಕರಿಯಾಗುವಂತೆ ಹುರಿದು ಅರೆದ ಅಕ್ಕಿ. ಹಳದಿಗೆ ಗುರಿಗೆ ಬೀಜ. ಕುಂಚವೋ, ಪುಂಡಿಯ ನಾರು! ಭತ್ತದ ತೆನೆ, ಹಕ್ಕಿ, ಬಳ್ಳಿ, ತೇರು, ಎಲ್ಲವೂ ನೇರ ಎಳೆಗಳಲ್ಲೇ ಮೂಡುತ್ತವೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಪೈರಿನ ಬಸುರಿಗೆ ಬಯಕೆಯೂಟ ಹೊತ್ತೊಯ್ಯುವ ಬುಟ್ಟಿಗೂ ಸಗಣಿ, ಕೆಮ್ಮಣ್ಣು ಬಳಿದು ಇದೇ ಚಿತ್ತಾರ ಬರೆಯುತ್ತಾರೆ.

ನೀವೂ ಒಂದು ಕೈ ನೋಡಿ. ಇಡೀ ಗೋಡೆಗೆ ಕೈ ಹಾಕಬೇಡಿ, ದೇವರ ಗೂಡಿನ ಅಥವಾ ನಡುಬಾಗಿಲಿನ ಸುತ್ತ ಒಂದು ಗೇಣು ಅಗಲದ ಪಟ್ಟಿ ಸಾಕು. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಕಲ್ಲು ಕೆಳಗೆ ಕೂತ ಮೇಲೆ ಮೇಲಿನದನ್ನು ಸೋಸಿ ಎರಡು ಸಲ ಬಳಿಯಿರಿ. ಒಣಗಿದ ಮೇಲೆ ನೂಲನ್ನು ಹಿಟ್ಟಿನಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಮೀಟಿದರೆ ನೇರ ಗೆರೆ ಬೀಳುತ್ತದೆ. ಆ ಗೆರೆಗಳ ನಡುವೆ ನಿಮ್ಮ ಹೊಲದಲ್ಲಿ ಇರುವುದನ್ನೇ ಬರೆಯಿರಿ. ಭತ್ತದ ಸೀಮೆಯವರು ಭತ್ತದ ತೆನೆ, ರಾಗಿಯವರು ರಾಗಿಯ ಇಲುಕು, ಜೋಳದವರು ಜೋಳದ ತೆನೆ. ಒಂದು ತೆನೆ ಕಿತ್ತು ತಂದು ಎದುರಿಗಿಟ್ಟುಕೊಳ್ಳಿ. ಕಾಳು ಕೂತ ಬಗೆ, ಗರಿ ಬಾಗಿದ ಬಗೆ ಅದರಿಂದಲೇ ತಿಳಿಯುತ್ತದೆ. ಕೊಯ್ಲಾದ ಮೇಲೆ ಅದೇ ತೆನೆಗಳನ್ನು ಹೆಣೆದು ಬಾಗಿಲಿಗೆ ತೋರಣ ಕಟ್ಟಿದರೆ ಗುಬ್ಬಿಗಳಿಗೂ ಹಬ್ಬ.

ಚಿತ್ತಾರ ಒಂದೆರಡು ಮಳೆಗಾಲದಲ್ಲಿ ಮಾಸೀತು. ಮತ್ತೆ ಕೆಮ್ಮಣ್ಣು ಸಾರಿಸಿ ಹೊಸದಾಗಿ ಬರೆದರಾಯಿತು. ಆ ನೆಪದಲ್ಲಿ ಗೋಡೆಗೂ ಆರೈಕೆ ಸಿಕ್ಕಂತಾಗುತ್ತದೆ. ಆದರೆ ಬರೆಯುವ ಕೈ ಹೋದರೆ ಮತ್ತೆ ಬಾರದು. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಎಳೆ ಎಳೆಯಬಲ್ಲ ಅಜ್ಜಿಯೊಬ್ಬರಿದ್ದರೆ, ಈ ವರ್ಷವೇ ಮಗಳನ್ನೋ ಸೊಸೆಯನ್ನೋ ಮಗನನ್ನೋ ಅವರ ಪಕ್ಕ ಕೂರಿಸಿ. ಅಕ್ಕಿ ಇವತ್ತೇ ನೆನೆಹಾಕಿ.