ಕಿತ್ತೂರಿನ ಮದ್ದು, ಕಾರವಾರದ ಮೊಬೈಲು: ನೌಕಾನೆಲೆಗೆ ಅಪಾಯ ಯಾವ ಬಾಗಿಲಿಂದ?

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ದೊಡ್ಡ ನೀರು ಅಂದ್ರೆ ನವಿಲುತೀರ್ಥದ ಡ್ಯಾಮು. ಸಮುದ್ರ ನಮಗೆ ದೂರ. ಆದರೂ ನೌಕಾನೆಲೆಯ ಭದ್ರತೆ ಅಂದಾಗ ನನಗೆ ಮೊದಲು ನೆನಪಾಗೋದು ಕಿತ್ತೂರು ಕೋಟೆ. 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೊಂದು ಗೆದ್ದ ಕೋಟೆ, ಡಿಸೆಂಬರ್‌ನಲ್ಲಿ ಬಿತ್ತು. ಈ ಸಲ ದೊಡ್ಡ ಸೈನ್ಯ ಬಂದಿತ್ತು ಅನ್ನುತ್ತೆ ಇತಿಹಾಸ. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದ್ರು ಅನ್ನುತ್ತೆ ನಮ್ಮ ಜನರ ನೆನಪು.

ಈಗ ಕಾರವಾರಕ್ಕೆ ಬನ್ನಿ. ಸೀಬರ್ಡ್ ಯೋಜನೆಯಡಿ ಕಟ್ಟಿದ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತವರು ಬಂದರು ಇದೇ. ಇಂಥ ನೆಲೆಯನ್ನು ಕಾಯೋದು ಹೇಗೆ?

ನೀರು, ಗಾಳಿ, ತಂತಿ

2000ದಲ್ಲಿ ಏಡನ್ ಬಂದರಿನಲ್ಲಿ ಸ್ಫೋಟಕ ತುಂಬಿದ ಒಂದು ಸಣ್ಣ ದೋಣಿ ಅಮೆರಿಕದ ಯುಎಸ್‌ಎಸ್ ಕೋಲ್ ಹಡಗಿಗೆ ಗುದ್ದಿ 17 ನಾವಿಕರು ಸತ್ತರು. ಹಾಗಾಗಿ ಬಂದರಿನ ಬಾಯಲ್ಲಿ ರಾಡಾರ್, ಕ್ಯಾಮೆರಾ, ಗಸ್ತು ದೋಣಿ ಬೇಕೇ ಬೇಕು. ನೀರಿನಡಿ ಬರುವ ಮುಳುಗುಗಾರನನ್ನು ಹಿಡಿಯೋದು ಸೋನಾರ್: ಶಬ್ದ ಬಿಡುತ್ತೆ, ಪ್ರತಿಧ್ವನಿ ಕೇಳುತ್ತೆ. ಬಂದಿದ್ದು ಮೀನೋ ಮನುಷ್ಯನೋ ಅನ್ನೋದನ್ನು ಅದರ ವೇಗ, ಸಾಗುವ ದಾರಿ ನೋಡಿ ಸಾಫ್ಟ್‌ವೇರ್ ಅಂದಾಜಿಸುತ್ತೆ.

ಗಾಳಿಯಲ್ಲಿ ಡ್ರೋನ್. 2021ರ ಜೂನ್‌ನಲ್ಲಿ ಜಮ್ಮು ವಾಯುನೆಲೆಯ ಮೇಲೆ ಡ್ರೋನ್ ದಾಳಿಯಾಯಿತು. ಎರಡೇ ತಿಂಗಳಲ್ಲಿ, ಡಿಆರ್‌ಡಿಒ ರೂಪಿಸಿದ ಡ್ರೋನ್ ನಿರೋಧಕ ವ್ಯವಸ್ಥೆಗಾಗಿ ನೌಕಾಪಡೆ ಬೆಂಗಳೂರು ಮೂಲದ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದು ರಾಡಾರ್, ಕ್ಯಾಮೆರಾ, ರೇಡಿಯೊ ಸಂಕೇತದಿಂದ ಡ್ರೋನನ್ನು ಗುರುತಿಸುತ್ತೆ. ಆಮೇಲೆ ಜ್ಯಾಮರ್‌ನಿಂದ ಸಂಪರ್ಕ ಕಡಿಯುತ್ತೆ, ಇಲ್ಲವೇ ಲೇಸರ್‌ನಿಂದ ಸುಡುತ್ತೆ. ಇದಕ್ಕೂ ಮಿತಿ ಇದೆ: ಉಕ್ರೇನ್ ಯುದ್ಧದಲ್ಲಿ ಆಪ್ಟಿಕಲ್ ಫೈಬರ್ ಎಳೆಗೆ ಕಟ್ಟಿ ಹಾರಿಸುವ ಡ್ರೋನ್ ಬಂದಿದೆ. ರೇಡಿಯೊನೇ ಬಳಸದ ಮೇಲೆ ಜ್ಯಾಮರ್ ಏನನ್ನು ಕಡಿಯಬೇಕು?

ಇನ್ನು ಸೈಬರ್. ಗೌಪ್ಯ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಜೋಡಿಸದಿದ್ದರೆ ಸಾಕು ಅನ್ನೋದು ಹಳೇ ನಂಬಿಕೆ. 2012ರಲ್ಲಿ ವಿಶಾಖಪಟ್ಟಣದ ಪೂರ್ವ ನೌಕಾ ಕಮಾಂಡ್‌ನ ಕಂಪ್ಯೂಟರ್‌ಗಳಿಗೆ ವೈರಸ್ ನುಗ್ಗಿದ್ದು ವರದಿಯಾಯಿತು. ಬಂದಿದ್ದು ಪೆನ್‌ಡ್ರೈವ್‌ನಲ್ಲಿ. ಅಂದ್ರೆ, ಯಾರದೋ ಕೈಯಿಂದ.

ಮದ್ದಿನ ಮನೆಯ ಕೀಲಿ

2019ರ ಡಿಸೆಂಬರ್‌ನಲ್ಲಿ ಆಂಧ್ರ ಪೊಲೀಸರು ಬೇಹುಗಾರಿಕೆ ಆರೋಪದ ಮೇಲೆ ಏಳು ನೌಕಾ ಸಿಬ್ಬಂದಿಯನ್ನು ಬಂಧಿಸಿದರು. ಫೇಸ್‌ಬುಕ್‌ನಲ್ಲಿ ಹುಡುಗಿಯರ ಹೆಸರಲ್ಲಿ ಗೆಳೆತನ ಬೆಳೆಸಿ ಬಲೆಗೆ ಕೆಡವಲಾಗಿತ್ತು ಅನ್ನೋದು ತನಿಖೆಯ ವಾದ. ಅದೇ ತಿಂಗಳು ನೌಕಾಪಡೆ ಹಡಗು, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ಎನ್‌ಐಎ ಕಾರವಾರ ನೆಲೆಯ ಮಾಹಿತಿ ರವಾನಿಸಿದ ಆರೋಪದಲ್ಲಿ ಇಬ್ಬರು ಸ್ಥಳೀಯರನ್ನು ಬಂಧಿಸಿತು. ಬಂಧನ ಅಂದ್ರೆ ಅಪರಾಧ ಸಾಬೀತಾಯ್ತು ಅಂತಲ್ಲ. ಆದರೆ ಟಿವಿಗಳಿಗೆ 'ದೇಶದ್ರೋಹಿ' ಅನ್ನೋಕೆ ಅಷ್ಟೇ ಸಾಕು.

ಎಂಜಿನಿಯರಿಂಗ್ ಓದಿದ ನನಗೆ ಕಾಡೋ ಪ್ರಶ್ನೆ ಬೇರೆ. ಒಬ್ಬ ಜಾರಿದರೆ ಇಡೀ ನೆಲೆ ಜಾರುತ್ತೆ ಅಂದ್ರೆ ತಪ್ಪು ಅವನೊಬ್ಬನದೇ, ವ್ಯವಸ್ಥೆಯದೂ ಹೌದಾ? ಸೈಬರ್ ಭದ್ರತೆಯ ಮೊದಲ ನಿಯಮ: ಯಾರಿಗೂ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಾಗಿಲು ತೆರೆಯಬೇಡಿ, ತೆರೆದಿದ್ದರ ದಾಖಲೆ ಇಡಿ. ಇದು ಗುತ್ತಿಗೆ ಕಾರ್ಮಿಕನಿಗೂ, ಅಧಿಕಾರಿಗೂ ಒಂದೇ ಆಗಿರಬೇಕು. ಅದಕ್ಕಿಂತ ಮುಖ್ಯ, ಬಲೆಗೆ ಬಿದ್ದವನು ಮೊದಲ ದಿನವೇ ಬಂದು "ಸರ್, ತಪ್ಪಾಯ್ತು" ಅನ್ನೋಕೆ ಒಂದು ದಾರಿ ಇರಬೇಕು. ಆ ದಾರಿ ಇಲ್ಲದಿದ್ದರೆ ಬ್ಲ್ಯಾಕ್‌ಮೇಲ್ ಮಾಡೋನಿಗೇ ಅನುಕೂಲ.

ಇದು ದೂರದ ಮಾತಲ್ಲ. ನಮ್ಮ ತಾಲ್ಲೂಕುಗಳ ಹುಡುಗರು ಅಗ್ನಿವೀರ ಆಗೋಕೆ ನಸುಕಿನಲ್ಲೇ ಓಡ್ತಾರೆ, ಓಡಿದ್ದನ್ನು ಫೋನ್‌ನಲ್ಲಿ ಅಳೀತಾರೆ. ಹೀಗೆ ಓಡಿದವರ ದಾರಿಗಳನ್ನೆಲ್ಲ ಸೇರಿಸಿ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಅಮೆರಿಕದ ಸೇನಾ ನೆಲೆಗಳ ಒಳದಾರಿಗಳೇ ಮೂಡಿದ್ದವು. ಅದು ಜಗತ್ತಿಗೆ ಗೊತ್ತಾಗಿದ್ದು 2018ರಲ್ಲಿ. ಅಲ್ಲಿ ಯಾರೂ ದ್ರೋಹ ಬಗೆದಿರಲಿಲ್ಲ, ಬರೀ ವ್ಯಾಯಾಮ ಮಾಡಿದ್ದರು.

ಓಡೋದು ಹೇಗೆ ಅಂತ ಈ ಹುಡುಗರಿಗೆ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ಜೇಬಿನಲ್ಲಿರೋ ಫೋನಿನ ಬಗ್ಗೆ ಹೇಳಿಕೊಡೋರು ಯಾರು?